ಆದಪ್ಪನ ಕಾಲ್ಬೆರಳಿನ ದಾರ

ಆದಪ್ಪನಿಗೆ ಸೊಕ್ಕು ನೆತ್ತಿಗೇರಿದೆ ಎಂದು ಟೆಂಟಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ನಾನು ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದೆ. ಅನ್ನದೆ ಏನು ಮಾಡಲಿ? ಬೆನ್ನ ಹಿಂದೆ ನಿಂತು ಗಂಟಲು ಹರಿದುಕೊಂಡರೂ ಮನುಷ್ಯ ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತರೆ ಮಾತ್ರ ನಮ್ಮ ಬಾಯಿಯನ್ನೇ ದಿಟ್ಟಿಸಿ ನೋಡಿ, ಒಂದು ಮಾತಿನಲ್ಲಿ ಉತ್ತರ ಕೊಟ್ಟು, ಮತ್ತೆ ಸಿನೆಮಾ ಮಶೀನಿನ ಕಡೆ ಹೊರಳುತ್ತಿದ್ದ. ಉತ್ತರವೂ ಎಂಥದು, ಸಂತೆಯಲ್ಲಿ ದನ ಹೊಡೆಯುವವನ ದನಿಯಲ್ಲಿ.

ನಾನು ಗ್ಯಾನಮ್ಮ, ತುರ್ವಿಹಾಳದವಳು. ಅಲ್ಲಾಭಕ್ಷ್ ಎಂಬ ಲಿಂಗಸುಗೂರಿನ ಮಾಲಕರ ಟೂರಿಂಗ್ ಟಾಕೀಸಿನಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುವುದು ನನ್ನ ಕೆಲಸ. ಟಿಕೀಟು ಹರಿಯುವುದು, ಪರದಾ ಸರಿಸಿ ಒಳಗೆ ಬಿಡುವುದು, ಕೂಸು ಅತ್ತರೆ ತಾಯಿಯನ್ನು ಗದರಿಸುವುದು, ಗಂಡಸರು ಇಣುಕಿದರೆ ಅವರ ವಂಶವನ್ನೆಲ್ಲ ನೆನೆಸುವುದು. ಈ ಕೆಲಸಕ್ಕೆ ನನ್ನ ನಾಲಿಗೆಯೇ ಸರಿ ಎಂದು ಮಾಲಕರೇ ಹುಡುಕಿಕೊಂಡು ಬಂದಿದ್ದರು. ಆಗ ನಿಜಾಮರ ರಾಜ್ಯ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮಗೆ ಅದು ಗೊತ್ತಾದದ್ದು ಅಂಗಡಿಯಲ್ಲಿ ಸೀಮೆಎಣ್ಣೆ, ಸಕ್ಕರೆ ಸಿಗದೆ ಹೋದಾಗ. ಆದಪ್ಪನಿಗೆ ಗೊತ್ತಾದದ್ದು ಮಶೀನಿನ ಸಾಮಾನು ಬರುವುದು ನಿಂತಾಗ.

ಟೆಂಟು ಸಿಂಧನೂರಿನಲ್ಲಿ ಕೆಲವು ತಿಂಗಳು, ಮಸ್ಕಿಯಲ್ಲಿ ಕೆಲವು ತಿಂಗಳು, ಲಿಂಗಸುಗೂರಿನಲ್ಲಿ ಕೆಲವು ತಿಂಗಳು ನಿಲ್ಲುತ್ತಿತ್ತು. ಮಳೆಗಾಲ ಬಂತೆಂದರೆ ಎಲ್ಲ ಸುತ್ತಿ ಗೋದಾಮಿಗೆ. ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಮೇಲೆ ಕುಲುಕಾಡಿ ಕುಲುಕಾಡಿ ಆ ಮಶೀನಿನ ಒಂದು ಮೊಳೆಯೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಇರಲಿಲ್ಲ. ಅದು ಮೊದಲು ಮೂಕಿ ಚಿತ್ರಕ್ಕೆಂದು ಮಾಡಿದ ಮಶೀನು. ಆಮೇಲೆ ಯಾರೋ ಅದರ ಹೊಟ್ಟೆಯ ಕೆಳಗೆ ಮಾತಿನ ಪೆಟ್ಟಿಗೆಯೊಂದನ್ನು ಕಟ್ಟಿದ್ದರು. ಎಷ್ಟು ಕೈ ದಾಟಿ ಬಂದಿತ್ತೋ, ಮಾಲಕರಿಗೂ ಗೊತ್ತಿರಲಿಲ್ಲ.

ಇನ್ನು ಆದಪ್ಪ. ಸಂತೆಕಲ್ಲೂರಿನವನು. ಅಪ್ಪ ಕುರಿ ಕಾಯುತ್ತಿದ್ದ. ಮಗನಿಗೆ ಕುರಿಯ ಹಿಂದೆ ನಡೆಯುವ ತಾಳ್ಮೆ ಇರಲಿಲ್ಲ. ಮೀಸೆ ಮೂಡುವ ಮೊದಲೇ ಹತ್ತಿ ಹಿಂಜುವ ಜಿನ್ನಿಗೆ ಸೇರಿ ಎಣ್ಣೆ ಇಂಜಿನ್ನಿನ ಪಕ್ಕ ಮಲಗಿದ, ಎದ್ದ, ಉಂಡ. ಅಲ್ಲಿಂದ ರಾಯಚೂರಿಗೆ ಹೋಗಿ ಒಬ್ಬ ಮುದುಕ ಆಪರೇಟರನ ಕೈಕೆಳಗೆ ಮಾತಿನ ಪೆಟ್ಟಿಗೆಯ ಕೆಲಸ ಕಲಿತ. ವಳಕಮದಿನ್ನಿಯ ಯಂಕಮ್ಮನನ್ನು ಮದುವೆಯಾದ. ಯಂಕಮ್ಮ ಗಂಡನ ತದ್ವಿರುದ್ಧ. ಮೆತ್ತಗಿನ ಮಾತು, ಮೆತ್ತಗಿನ ನಡಿಗೆ. ಟೆಂಟಿನ ಹಿಂದೆ ಒಲೆ ಹೂಡಿ ನಮಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಸಂಜೆ ಆಟ ಶುರುವಾಗುವ ಹೊತ್ತಿಗೆ ಕೈತೊಳೆದುಕೊಂಡು ಬಂದು ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ, ಮಶೀನಿನ ತಗಡಿನ ಕೋಣೆಗೆ ಒರಗಿ ಕೂಡುತ್ತಿದ್ದಳು. ಒಂದು ಆಟ ತಪ್ಪಿಸುತ್ತಿರಲಿಲ್ಲ. ಅದೇ ಚಿತ್ರ ದಿನಾ ನೋಡಿ ಬೇಸರ ಬರುವುದಿಲ್ಲವೇನೇ ಎಂದು ಕೇಳಿದರೆ ನಗುತ್ತಿದ್ದಳು.

ಆ ನಗೆಯ ಗುಟ್ಟು ನನಗೆ ಸಿಕ್ಕಿದ್ದು ಸಿಂಧನೂರಿನಲ್ಲಿ, ಅದೂ ಎಡವಿ ಬಿದ್ದು. ಆಟದ ನಡುವೆ ಯಾವುದೋ ಕೂಸನ್ನು ಹೊರಗೆ ಕಳಿಸಲು ಕತ್ತಲಲ್ಲಿ ಕೊನೆಯ ಸಾಲಿಗೆ ಹೋದೆ. ಕಾಲಿಗೆ ಏನೋ ತೊಡರಿ ಮುಗ್ಗರಿಸಿದೆ. ಅದೇ ಕ್ಷಣಕ್ಕೆ ಪರದೆಯ ಹಿಂದೆ ಮಾತು ಹೊರಡಿಸುವ ಹಾರ್ನು ಹೋ ಎಂದು ಒದರಿತು. ಜನ ಬೆಚ್ಚಿಬಿದ್ದರು. ಯಂಕಮ್ಮ ಗಡಬಡಿಸಿ ನೆಲದಿಂದ ಏನನ್ನೋ ಹಿಡಿದು ಜಗ್ಗಿದಳು. ಹಾರ್ನು ತಣ್ಣಗಾಯಿತು. ನಾನು ತಡಕಾಡಿ ನೋಡಿದೆ. ಹುರಿ ಹಾಕಿದ ಹತ್ತಿಯ ದಾರ. ಒಂದು ತುದಿ ಯಂಕಮ್ಮನ ಕೈಯಲ್ಲಿ. ಇನ್ನೊಂದು ತುದಿ ತಗಡಿನ ಸಂದಿಯಿಂದ ಕೋಣೆಯೊಳಗೆ ಹೋಗಿ ಆದಪ್ಪನ ಎಡಗಾಲಿನ ಹೆಬ್ಬೆರಳಿಗೆ.

ಆಟ ಮುಗಿದ ಮೇಲೆ ಹಿಡಿದು ಕೂಡಿಸಿ ಕೇಳಿದೆ. ಬಾಯಿ ಬಿಟ್ಟಳು. ಆದಪ್ಪನ ಕಿವಿ ಜಿನ್ನಿನಲ್ಲೇ ಅರ್ಧ ಹೋಗಿತ್ತಂತೆ. ರಾಯಚೂರಿನಲ್ಲಿ ಕೀವು ಸೋರಿ ಉಳಿದದ್ದೂ ಹೋಗಿತ್ತಂತೆ. ಮಾಲಕರಿಗೆ ಗೊತ್ತಾದರೆ ಮಶೀನು ಮುಟ್ಟಿಸುವುದಿಲ್ಲ. ಮಶೀನು ಬಿಟ್ಟರೆ ಆದಪ್ಪನಿಗೆ ಬೇರೆ ಬದುಕು ಗೊತ್ತಿಲ್ಲ. ಅದಕ್ಕೇ ದಾರ. ಒಮ್ಮೆ ಎಳೆದರೆ ಸಪ್ಪಳ ಇಳಿದಿದೆ ಎಂದರ್ಥ. ಎರಡು ಸಲ ಎಳೆದರೆ ಗುಂಯ್ ಎನ್ನುತ್ತಿದೆ ಎಂದರ್ಥ. ಎಳೆದು ಹಾಗೇ ಬಿಗಿಹಿಡಿದರೆ ಮಾತು ಪೂರ್ತಿ ನಿಂತಿದೆ. ಸಪ್ಪಳ ವಿಪರೀತ ಏರಿದಾಗ ಜಗ್ಗಿ ಜಗ್ಗಿ ಬಿಡುವುದು. ಎಲಾ ಇವನ, ಅಂದುಕೊಂಡೆ. ಒಂದು ವರ್ಷ ನಾನು ಬೈದದ್ದೆಲ್ಲ ಗಾಳಿಗೆ ಹೋಗಿತ್ತು. ಅದಕ್ಕೆ ಬೇಸರವಾಯಿತು ಎಂದು ಹೇಳಿದರೆ ಸುಳ್ಳು. ಅಷ್ಟು ಚೆಂದದ ಬೈಗುಳ ವ್ಯರ್ಥವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದೆ, ಹೇಳಲೂ ಇಲ್ಲ.

ಆಮೇಲೆ ಅವನ ಕೆಲಸ ನೋಡುವುದು ನನಗೊಂದು ಚಟವಾಯಿತು. ಹಗಲು ಹೊತ್ತಿನಲ್ಲಿ ಮಶೀನು ಬಿಚ್ಚಿಕೊಂಡು ಕೂತಾಗ ಎದುರಿಗೆ ಕೂತು ಕೇಳಿದರೆ ಹೇಳುತ್ತಿದ್ದ. ರೀಲಿನ ಅಂಚಿನಲ್ಲಿ, ಚಿತ್ರಗಳ ಪಕ್ಕದಲ್ಲಿ, ಕೂದಲಿನಂಥ ಗೆರೆಗಳ ಒಂದು ಪಟ್ಟಿ ಇರುತ್ತದೆ. ಮಾತು ಹಾಡು ಎಲ್ಲ ಅದರೊಳಗೆ. ಸಣ್ಣ ದೀಪವೊಂದರ ಬೆಳಕು ಆ ಪಟ್ಟಿಯನ್ನು ಹಾಯ್ದು ಆಚೆಗಿನ ಗಾಜಿನ ಕಣ್ಣಿನ ಮೇಲೆ ಬೀಳುತ್ತದೆ. ಗೆರೆಗಳು ಓಡಿದಂತೆ ಬೆಳಕು ನಡುಗುತ್ತದೆ, ಬೆಳಕು ನಡುಗಿದಂತೆ ಕಣ್ಣಿನಿಂದ ಹೊರಡುವ ಕರೆಂಟು ನಡುಗುತ್ತದೆ. ವಾಲ್ವು ಎಂಬ ಗಾಜಿನ ಬುರುಡೆಗಳ ಪೆಟ್ಟಿಗೆ ಅದನ್ನು ಹಿಗ್ಗಿಸಿ ಹಾರ್ನಿಗೆ ಕಳಿಸುತ್ತದೆ. ಇಷ್ಟೇ ನೋಡು ಎನ್ನುತ್ತಿದ್ದ. ಇಷ್ಟೇ ಅಂತೆ! ಚಿತ್ರ ತೋರಿಸುವ ದೊಡ್ಡ ದೀಪ ಬೇರೆ, ಮಾತಿನ ಈ ಸಣ್ಣ ದೀಪ ಬೇರೆ ಎಂದು ತಿಳಿಯಲಿಕ್ಕೇ ನನಗೆ ಬಹಳ ದಿನ ಹಿಡಿದವು.

ಒಂದು ಬೇಸಿಗೆ ಪೆಟ್ಟಿಗೆ ಒಂದೇ ಸಮ ಗುಂಯ್‌ಗುಡತೊಡಗಿತು. ಆದಪ್ಪ ಒಣಗಿದ ಬೇವಿನ ಕಡ್ಡಿಯೊಂದನ್ನು ಹಲ್ಲಿನಲ್ಲಿ ಕಚ್ಚಿ, ಅದರ ಇನ್ನೊಂದು ತುದಿಯನ್ನು ಪೆಟ್ಟಿಗೆಯ ಮೈಮೇಲೆ ಅಲ್ಲಲ್ಲಿ ಊರುತ್ತ ಹೋದ. ಕಿವಿಗೆ ಬಾರದ ಸಪ್ಪಳ ಹಲ್ಲಿನಿಂದ ತಲೆಬುರುಡೆಗೆ ಬರುತ್ತದಂತೆ. ಊರುತ್ತ ಊರುತ್ತ ಒಂದು ಕಡೆ ನಿಂತ. ಒಳಗೆ ಕರೆಂಟಿನ ಏರಿಳಿತ ತಡೆಯುವ ಮೇಣದ ಡಬ್ಬಿಯೊಂದು ಒಣಗಿ ಬಿರುಕು ಬಿಟ್ಟಿತ್ತು. ಕೆಟ್ಟುಬಿದ್ದ ರೇಡಿಯೋ ಒಂದರಿಂದ ಅಂಥದೇ ಡಬ್ಬಿ ಕಿತ್ತು ಬೆಸೆದ. ವಾಲ್ವಿನ ಕಾಲುಗಳು ಕಿಲುಬು ಹಿಡಿದು ಚಟಪಟ ಅಂದರೆ ಹುಣಸೆಹಣ್ಣು ತಿಕ್ಕಿ, ಒರೆಸಿ, ಬಿಸಿಲಿಗೆ ಇಡುತ್ತಿದ್ದ. ರೀಲು ಪಕ್ಕಕ್ಕೆ ಸರಿದು, ಬೆಳಕು ಗೆರೆಯ ಬದಲು ಅಂಚಿನ ತೂತುಗಳ ಮೇಲೆ ಬಿದ್ದು ಹಾರ್ನು ಗರ್ರ್ ಅಂದರೆ, ಓಡುತ್ತಿರುವಾಗಲೇ ಉರುಳೆಯನ್ನು ಉಗುರಿನಿಂದ ನೂಕಿ ಸರಿಮಾಡುತ್ತಿದ್ದ. ಕಡ್ಡಿ ಕಚ್ಚುವುದನ್ನು ಕಂಡ ಜನ ಅದೊಂದು ಮೇಸ್ತ್ರಿಯ ಗತ್ತು ಎಂದುಕೊಂಡಿದ್ದರು.

ಆಟ ನಡೆದಾಗ ಇನ್ನೂ ಮಜ. ಜನ ಸಿಳ್ಳೆ ಹೊಡೆಯಲು ಬಾಯಿಗೆ ಬೆರಳಿಡುವಷ್ಟರಲ್ಲಿ ದಾರ ಎಳೆದಾಗಿರುತ್ತಿತ್ತು, ಅವನ ಕೈ ಆಡಿರುತ್ತಿತ್ತು. ನಾವು ಬಾಯಿ ತೆಗೆಯುವ ಮೊದಲೇ ರಿಪೇರಿ ಮಾಡುತ್ತಾನೆ ಎಂದು ಮೂರೂ ಊರುಗಳಲ್ಲಿ ಹೆಸರಾಯಿತು. ಮಾಲಕರು ಹಿಗ್ಗುತ್ತಿದ್ದರು. ಯಂಕಮ್ಮ ಏನೂ ಅರಿಯದವಳಂತೆ ಸೆರಗು ಹೊದ್ದು ಕೂತಿರುತ್ತಿದ್ದಳು. ಆದರೆ ನಾನು ಅವಳ ಮುಖ ನೋಡುತ್ತಿದ್ದೆ. ತೆರೆಯ ಮೇಲೆ ಏನೇ ನಡೆಯಲಿ, ಅವಳ ಮೈಯೆಲ್ಲ ಕಿವಿ. ಇಡೀ ಟೆಂಟಿನಲ್ಲಿ ಆಟ ನೋಡದೆ ಆಟಕ್ಕೆ ಕೂತವಳು ಅವಳೊಬ್ಬಳೇ.

ಮಸ್ಕಿಗೆ ಬಂದಾಗ ಮಶೀನಿಗೆ ಶನಿ ಹಿಡಿಯಿತು. ಒಂದು ವಾಲ್ವು ಸೋತಿತ್ತು. ಬದಲಿ ಬೇಕೆಂದರೆ ರಾಯಚೂರಿನಲ್ಲಿ ಇಲ್ಲ, ಹೈದರಾಬಾದಿನಲ್ಲಿ ಇಲ್ಲ. ಒಮ್ಮೊಮ್ಮೆ ಸಪ್ಪಳ ತಾನಾಗಿ ಕುಗ್ಗಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಏಳುತ್ತಿತ್ತು. ಒಮ್ಮೊಮ್ಮೆ ಏಳುತ್ತಿರಲಿಲ್ಲ. ಆಗ ಆದಪ್ಪ ಮಶೀನು ನಿಲ್ಲಿಸಿ, ವಾಲ್ವು ಕಿತ್ತು, ಆರಿಸಿ, ಮತ್ತೆ ಕೂಡಿಸಬೇಕಾಗುತ್ತಿತ್ತು. ಒಂದೇ ಆಟದಲ್ಲಿ ಹಾಗೆ ಮೇಲಿಂದ ಮೇಲೆ ನಿಲ್ಲಿಸಿದಾಗ ಜನ ಪರದೆಗೆ ಹೆಂಟೆ ಎಸೆದರು.

ಮರುದಿನ ಬೆಳಿಗ್ಗೆ ಅಲ್ಲಾಭಕ್ಷ್ ಮಾಲಕರು ಒಲೆಯ ಹತ್ತಿರ ಬಂದರು. ಮುಖ ಕಪ್ಪಿಟ್ಟಿತ್ತು. ಅವತ್ತಿನ ಆಟಕ್ಕೆ ಲಿಂಗಸುಗೂರಿನಿಂದ ತಹಶೀಲ್ದಾರರ ಮನೆಯ ಹೆಂಗಸರು ಬರುವವರಿದ್ದರು. ಟೆಂಟಿನ ಲೈಸನ್ಸು ತಹಶೀಲ್ದಾರರ ಕೈಯಲ್ಲಿ. ಆದಪ್ಪ ಆಚೆ ರೀಲು ಸುತ್ತುತ್ತಿದ್ದ. ಮಾಲಕರು ಅವನಿಗೆ ಹೇಳದೆ ಯಂಕಮ್ಮನಿಗೆ ಹೇಳಿದರು.

"ಅವಗ ಹೇಳಿದ್ರ ಗ್ವಾಡಿಗೆ ಹೇಳಿದಂಗ. ನೀ ಹೇಳವ್ವಾ. ಇವತ್ತಿನ ಆಟ ಒಮ್ಮಿ ನಿಂತ್ರೂ ನಾಳಿಗೆ ಬ್ಯಾರೆ ಮೇಸ್ತ್ರಿ ಬರ್ತಾನ. ನಾ ಕೆಟ್ಟವ ಅಲ್ಲ, ಖರೆ ನಂದೂ ಹೊಟ್ಟಿ ಐತಿ."

ಕೆಟ್ಟವರಲ್ಲ, ಅದು ನಿಜ. ಅಷ್ಟು ಹೇಳಲಿಕ್ಕೆ ಅವರಿಗೂ ಕಷ್ಟವಾಗಿತ್ತು. ಯಂಕಮ್ಮ ತಲೆಯಾಡಿಸಿದಳು. ಗಂಡನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮಧ್ಯಾಹ್ನ ಕೇಳಿದೆ. ಗೊತ್ತಾದರೆ ಅವನ ಕೈ ನಡುಗುತ್ತದೆ, ಕೈ ನಡುಗಿದರೆ ಇನ್ನಷ್ಟು ಕೆಡುತ್ತದೆ ಎಂದಳು. ಅದೂ ಸರಿ ಎನಿಸಿತು.

ಸಂಜೆ ಟೆಂಟು ತುಂಬಿತು. ತಹಶೀಲ್ದಾರರ ಮನೆಯವರಿಗೆ ಮುಂದೆ ಜಮಖಾನೆ ಹಾಸಿ, ಸುತ್ತ ಪರದಾ ಕಟ್ಟಿ ಕೂಡಿಸಿದೆ. ಹೊರಗೆ ಕರೆಂಟಿನ ಇಂಜಿನ್ನು ನೋಡಿಕೊಳ್ಳುವ ಬಂದೇಸಾಬ ಗಾಲಿ ತಿರುವಿದ, ಇಂಜಿನ್ನು ದಡಬಡ ಶುರುವಾಯಿತು. ಮೊದಲೆರಡು ರೀಲು ಬೆಣ್ಣೆಯಂತೆ ಹೋದವು. ನಾನೂ ಯಂಕಮ್ಮನ ಪಕ್ಕ ಕೂತು ಕಾಲು ಚಾಚಿದೆ.

ಮೂರನೆಯ ರೀಲಿನ ನಡುವೆ ನಾಯಕಿಯ ದನಿ ಸಣ್ಣಗಾಯಿತು. ಯಂಕಮ್ಮನ ಬೆನ್ನು ನೆಟ್ಟಗಾಯಿತು. ದಾರ ಹಿಡಿದ ಮುಷ್ಟಿ ಬಿಗಿಯಾಯಿತು. ಎಳೆಯಲಿಲ್ಲ. ದನಿ ಇನ್ನೂ ಇಳಿಯಿತು, ಒಡೆದೊಡೆದು ಬಂತು. ಎಳಿಯೇ ಎಂದು ಅವಳ ಪಕ್ಕೆ ತಿವಿದೆ.

"ಎಳದ್ರ ನಿಂದರಸ್ತಾನ," ಅಂದಳು. "ತಡಿ. ಮೊನ್ನೆ ತಾನ ಬಂದಿತ್ತಲ್ಲ, ಬರ್ತೈತಿ."

ಬರಲಿಲ್ಲ. ಸಪ್ಪಳ ಪೂರ್ತಿ ಸತ್ತಿತು. ತೆರೆಯ ಮೇಲೆ ನಾಯಕ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದ. ಗಂಡಸರ ಕಡೆಯಿಂದ ಮೊದಲು ಸಿಳ್ಳೆ, ಆಮೇಲೆ ಕೂಗು. ನಾನು ದಾರಕ್ಕೆ ಕೈಹಾಕಿದೆ. ಯಂಕಮ್ಮ ಎರಡೂ ಕೈಯಿಂದ ಅದನ್ನು ಎದೆಗೆ ಅವಚಿಕೊಂಡಳು. ಮೆತ್ತಗಿನ ಹೆಂಗಸು, ಆ ಹೊತ್ತು ಅವಳ ಕೈ ಬಿಡಿಸಲು ನನ್ನಿಂದ ಆಗಲಿಲ್ಲ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ತುಟಿ ಮಾತ್ರ ಬರ್ತೈತಿ ಬರ್ತೈತಿ ಎನ್ನುತ್ತಿತ್ತು.

ಒಳಗೆ ಆದಪ್ಪ ಆರಾಮವಾಗಿದ್ದ. ಅವನು ಆಮೇಲೆ ಹೇಳಿದ್ದು ಇದು. ಕಿಂಡಿಯಿಂದ ನೋಡಿದಾಗ ತಲೆಗಳೆಲ್ಲ ತನ್ನ ಕಡೆ ತಿರುಗಿದ್ದು ಅವನಿಗೆ ಕಂಡಿತಂತೆ. ಕಾಲಿನ ಕಡೆ ನೋಡಿದನಂತೆ. ದಾರ ಸಡಿಲವಾಗಿ ಬಿದ್ದಿತ್ತು. ತಹಶೀಲ್ದಾರರ ಮನೆಯವರು ಏಳುತ್ತಿರಬೇಕು, ಜನ ಅವರನ್ನು ನೋಡುತ್ತಿರಬೇಕು ಎಂದುಕೊಂಡನಂತೆ. ಅಷ್ಟು ಜನರ ತಲೆಗಿಂತ ಅವನಿಗೆ ಆ ದಾರದ ಮೇಲೆ ನಂಬಿಕೆ. ಸುಮ್ಮನೆ ಕೈಕಟ್ಟಿ ನಿಂತು, ಇಡೀ ಟೆಂಟು ತನ್ನನ್ನು ಬೈಯುತ್ತಿರುವಾಗ, ಇವತ್ತು ಮಶೀನು ಮರ್ಯಾದೆ ಉಳಿಸಿತು ಎಂದು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದನಂತೆ.

ಮಾಲಕರು ಓಡಿಬಂದು ತಗಡಿನ ಬಾಗಿಲು ಗುದ್ದಿದರು. ತೆಗೆಯಲಿಲ್ಲ. ಒದ್ದು ಒಳನುಗ್ಗಿ ಭುಜ ಹಿಡಿದು ಅಲುಗಾಡಿಸಿದರು. ಈ ಗಲಾಟೆಯಲ್ಲಿ ದೀಪದ ಮುಂದೆ ರೀಲು ಸಿಕ್ಕಿಕೊಂಡು ಎಲ್ಲಿ ಬೆಂಕಿ ಹತ್ತುತ್ತದೋ ಎಂದು ಹೆದರಿ, ಇಂಜಿನ್ ಬಂದ್ ಮಾಡು ಎಂದು ಬಂದೇಸಾಬನಿಗೆ ಕೂಗಿ ಹೇಳಿದರು. ಇಂಜಿನ್ನು ನಿಂತಿತು. ತೆರೆ ಕತ್ತಲಾಯಿತು. ಯಾರೋ ಗ್ಯಾಸ್ ಬತ್ತಿ ಹಚ್ಚಿದರು. ತಹಶೀಲ್ದಾರರ ಮನೆಯವರ ಜೊತೆಗೆ ಬಂದಿದ್ದ ಜವಾನ ಎದ್ದು ನಿಂತು ಎಲ್ಲರನ್ನೂ ಗದರಿಸಿ ಕೂಡಿಸಿದ. ಟೆಂಟು ಗಪ್‌ಚುಪ್ಪಾಯಿತು.

ಆದಪ್ಪ ಬ್ಯಾಟರಿ ಹಿಡಿದು ಪೆಟ್ಟಿಗೆ ತೆರೆದ. ವಾಲ್ವಿನದು ತಪ್ಪಿರಲಿಲ್ಲ. ಮಾತಿನ ಸಣ್ಣ ದೀಪದ ಬುಡಕ್ಕೆ ಕರೆಂಟು ಮುಟ್ಟಿಸುವ ಹಿತ್ತಾಳೆಯ ಪಟ್ಟಿ ಕಾವಿಗೆ ಕಪ್ಪಾಗಿ, ಬಿಗಿ ಕಳೆದುಕೊಂಡು ಹಿಂದೆ ಸರಿದಿತ್ತು. ಕೆರೆದ, ಹಿಂದೆ ಒಂದು ತಗಡಿನ ಚೂರು ಮಡಚಿ ಸಿಗಿಸಿದ. ಮುಗಿಯಿತು. ಬಂದೇಸಾಬ ಇಂಜಿನ್ನಿನ ಗಾಲಿಗೆ ಹಗ್ಗ ಸುತ್ತುತ್ತಿದ್ದ. ಅಷ್ಟರಲ್ಲಿ ಆದಪ್ಪ ಕೋಣೆಯಿಂದ ಇಳಿದು ಹೆಂಗಸರ ಕಡೆಯ ಪರದಾದ ಅಂಚು ಎತ್ತಿ ಯಂಕಮ್ಮನ ಎದುರಿಗೆ ಕೂತ. ದಾರ ಇನ್ನೂ ಅವಳ ಎದೆಯ ಮೇಲಿತ್ತು. ಯಾಕೆ ಎಂದು ಕೈಯಾಡಿಸಿ ಕೇಳಿದ.

ನಿಲ್ಲಿಸಿದರೆ ನಿನ್ನ ಕೆಲಸ ಹೋಗುತ್ತಿತ್ತು, ಮಾಲಕರು ಬೆಳಿಗ್ಗೆಯೇ ಹೇಳಿದ್ದರು ಎಂದು ಯಂಕಮ್ಮ ದನಿ ಹೊರಡಿಸದೆ ತುಟಿಯಲ್ಲೇ ಹೇಳಿದಳು. ಅವನು ಓದಿಕೊಂಡ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡು ಮಾತಾಡಿದ. ತನ್ನ ದನಿ ಎಷ್ಟಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಆ ಮೌನದಲ್ಲಿ ಅದು ಮುಂದಿನ ಜಮಖಾನೆಯ ತನಕ ಕೇಳಿತು.

"ನಿಂದರಸೂದ ಬ್ಯಾಡಾಗಿತ್ತು, ಯಂಕಿ. ಒಮ್ಮಿ ಎಳದಿದ್ರ ದೀಪದ ಪಟ್ಟಿ ಅರಿಬಿ ಸುತ್ತಿದ ಬೆರಳಿಲೆ ಒತ್ತಿ ಹಿಡೀತಿದ್ದೆ. ರೀಲು ಓಡಕೋತ ಇರ್ತಿತ್ತು." ದಾರದ ಕಡೆ ಕೈ ತೋರಿಸಿದ. "ಕಿವಿ ಹೋಗಿ ಭಾಳ ವರ್ಷ ಆತು. ಖರೆ ನಾ ಕಿವುಡ ಇದ್ದಿದ್ದಿಲ್ಲ. ಇವತ್ತ ಆದೆ."

ಯಂಕಮ್ಮ ಅವನ ಬಾಯಿ ಮುಚ್ಚಲು ಕೈಯೆತ್ತಿದಳು, ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಪರದಾದ ಆಚೆ ಮಾಲಕರು ನಿಂತಿದ್ದರು. ಅವರ ಕಾಲು ನನಗೆ ಕಾಣುತ್ತಿತ್ತು. ಮುಗಿಯಿತು ಆದಪ್ಪನ ಕಥೆ ಎಂದುಕೊಂಡೆ.

ಇಂಜಿನ್ನು ಹೊತ್ತಿತು. ಆದಪ್ಪ ಎದ್ದು ಹೋದ. ಉಳಿದ ರೀಲುಗಳು ಒಂದು ಕೊರತೆಯಿಲ್ಲದೆ ಓಡಿದವು. ತಹಶೀಲ್ದಾರರ ಮನೆಯವರು ಕೊನೆಯ ತನಕ ಕೂತಿದ್ದು ಹೋದರು.

ಮರುದಿನ ಮಾಲಕರು ಬಂದು ಮೊದಲ ಬಾರಿಗೆ ಆದಪ್ಪನ ಎದುರಿಗೆ ನಿಂತು, ಬಾಯಿ ಅಗಲಿಸಿ, ನಿಧಾನವಾಗಿ ಮಾತಾಡಿದರು. ಇಷ್ಟು ದಿನ ಮಶೀನು ನಡೆಸಿದವನು ಕಿವಿ ಇದ್ದವನೋ ಇಲ್ಲದವನೋ ತನಗೆ ಬೇಕಾಗಿಲ್ಲ, ಬೇರೆ ಮೇಸ್ತ್ರಿಯನ್ನು ಕರೆಸುವುದಿಲ್ಲ, ದಾರ ಇನ್ನು ಮುಚ್ಚಿಡುವುದೂ ಬೇಡ ಎಂದರು. ದೊಡ್ಡ ಮನಸ್ಸೋ, ಯುದ್ಧದ ದಿನಗಳಲ್ಲಿ ಬೇರೆ ಮೇಸ್ತ್ರಿ ಎಲ್ಲಿ ಸಿಕ್ಕಾನು ಎಂಬ ಲೆಕ್ಕವೋ, ಎರಡೂ ಇದ್ದವು ಎಂದು ನನ್ನ ಎಣಿಕೆ. ಯಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅಂಥ ನಗೆ ನೋಡಿದೆ.

ಸಂಜೆ ಆಟಕ್ಕೆ ಮೊದಲು ಆದಪ್ಪ ದಾರದ ತುದಿ ಹಿಡಿದು ಬಂದ. ಯಂಕಮ್ಮ ಕೈ ಚಾಚಿದಳು. ಅವನು ಅವಳನ್ನು ದಾಟಿ ನನ್ನ ಹತ್ತಿರ ಬಂದು ನನ್ನ ಅಂಗೈಯಲ್ಲಿ ಇಟ್ಟ.

"ನೀ ಹಿಡಿ, ಗ್ಯಾನಮ್ಮ."

ಬೇಡ ಎಂದೆ. ಬೈದೆ ಕೂಡ. ಎದುರಿಗೆ ನಿಂತೇ ಬೈದೆ, ತುಟಿ ಕಾಣುವ ಹಾಗೆ. ಅವನು ಸಿಟ್ಟಾಗಲಿಲ್ಲ. ನೀನು ನನ್ನ ಮೇಲೆ ಮರುಕಪಡುವವಳಲ್ಲ, ಅದಕ್ಕೇ ಎಂದ. ಯಂಕಮ್ಮನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಆವತ್ತೂ ಇಲ್ಲ, ಮುಂದೆಯೂ ಇಲ್ಲ. ಅವಳು ಬಡಿದ ರೊಟ್ಟಿ ಉಂಡ, ಅವಳ ತಲೆ ನೋವಿಗೆ ಹರಳೆಣ್ಣೆ ತಿಕ್ಕಿದ, ಲಿಂಗಸುಗೂರಿನ ಸಂತೆಯಿಂದ ಅವಳಿಗೆ ಬಳೆ ತಂದ. ದಾರ ಮಾತ್ರ ಕೊಡಲಿಲ್ಲ.

ನನಗೆ ತಡೆಯಲಾಗದೆ ಒಮ್ಮೆ ಕತ್ತಲಲ್ಲಿ ಯಂಕಮ್ಮನ ಕೈಗೆ ದಾರ ತುರುಕಲು ನೋಡಿದೆ. ಅವನಿಗೇನು ಗೊತ್ತಾಗುತ್ತದೆ, ಹಿಡಿ ಎಂದೆ. ಅವಳು ಕೈ ಹಿಂದೆ ತೆಗೆದುಕೊಂಡಳು.

"ಯಾರ ಎಳದ್ರು ಅಂತ ಅವಗ ಗೊತ್ತಾಗ್ತೈತಿ," ಅಂದಳು.

ಅವಳು ಜಾಗ ಬಿಡಲಿಲ್ಲ. ಟೆಂಟು ನಡೆದಷ್ಟು ದಿನ ಪ್ರತಿ ಸಂಜೆ ಬಂದು ಅದೇ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದಳು, ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು. ಈಗಲಾದರೂ ಆಟ ನೋಡೇ ಎನ್ನುತ್ತಿದ್ದೆ. ನೋಡುತ್ತಿದ್ದೇನೆ ಎನ್ನುತ್ತಿದ್ದಳು. ನನ್ನ ಕಿವಿ ಅವಳ ಕಿವಿಯಷ್ಟು ಚುರುಕಲ್ಲ. ಸಪ್ಪಳ ಕೆಟ್ಟದ್ದು ನನಗೆ ತಿಳಿಯುತ್ತಿದ್ದುದು ಅವಳ ಮಡಿಲು ನೋಡಿ. ಅಲ್ಲಿ ಅವಳ ಬೆರಳುಗಳು ಮುಷ್ಟಿಯಾಗಿ ತಟ್ಟನೆ ಹಿಂದಕ್ಕೆ ಜಗ್ಗುತ್ತಿದ್ದವು. ಆಮೇಲೆ ನಾನು ದಾರ ಎಳೆಯುತ್ತಿದ್ದೆ.